ಮುಟ್ಟಿ ನೋಡಿ ಎಂದು ಕರೆದು ಸೀಟಿ ಊದಿದವರಿಗೆ

ಯುದ್ಧವಿಮಾನ ಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

'ಮುಟ್ಟಿ ನೋಡಿ, ಹತ್ತಿ ನೋಡಿ' ಎಂದು ಊರಿಡೀ ಫಲಕ ಹಾಕಿ ಜನರನ್ನು ಕರೆಯುವ ನೀವು, ಮುಟ್ಟಿದ್ದಕ್ಕೆ ನನ್ನ ಮಾವನವರಿಂದ ತಪ್ಪೊಪ್ಪಿಗೆ ಬರೆಸಿಕೊಂಡಿದ್ದೀರಿ. ಆ ಹಾಳೆಯನ್ನು ವಾಪಸ್ ಕೇಳಲು ಈ ಪತ್ರ. ಹಿಂದೆ ಬರೆದ ಎರಡು ಪತ್ರಗಳಿಗೆ ನಿಮ್ಮ ಕಚೇರಿ ತುಟಿ ಬಿಚ್ಚಲಿಲ್ಲ. ಹಾಗಾಗಿ ಮೂರನೆಯದನ್ನು ಪತ್ರಿಕೆಯಲ್ಲಿ, ಊರವರ ಜೊತೆ ಕೂತು ಓದುವ ಭಾಗ್ಯ ನಿಮ್ಮದಾಗಿದೆ.

ಮಾವ ಯಾರೆಂದು ಮೊದಲು ಹೇಳಬೇಕು. ನಿಮ್ಮ ಸಭಾಂಗಣದ ನಡುವೆ ನಿಂತಿರುವ ಬೂದು ಬಣ್ಣದ ವಿಮಾನವಿದೆಯಲ್ಲ, ಆ ಮಾದರಿಯ ವಿಮಾನಗಳ ರೆಕ್ಕೆ ರಿಪೇರಿ ಮಾಡುತ್ತ ಮೂವತ್ತೊಂದು ವರ್ಷ ದುಡಿದವರು. ಈಗ ಅವರ ಕಣ್ಣು ಹೋಗುತ್ತಿದೆ. ಬೆಳಕು, ನೆರಳು, ಎದುರಿಗೆ ನಿಂತವರ ಆಕಾರ, ಇಷ್ಟು ಉಳಿದಿದೆ. ಅದೂ ಈ ವರ್ಷ ದಾಟುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಪೂರ್ತಿ ಕತ್ತಲಾಗುವ ಮೊದಲು ಒಮ್ಮೆ ಆ ರೆಕ್ಕೆಯ ಮೇಲೆ ಕೈಯಾಡಿಸಬೇಕೆಂದು ಆಸೆಪಟ್ಟರು. ಊಟಕ್ಕೆ ಉಪ್ಪು ಕಡಿಮೆಯಾದರೂ ಕೇಳದ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ನಿಮ್ಮ ಫಲಕವನ್ನು ನಂಬಿ, ನಾನು, ಗಂಡ, ಏಳು ವರ್ಷದ ಮಗಳು, ಎಲ್ಲರೂ ಅವರನ್ನು ಕರೆದುಕೊಂಡು ಬಂದೆವು.

ಏನು ಮುಟ್ಟಲು ಸಿಕ್ಕಿತು ಗೊತ್ತೇ? ಪ್ಲೈವುಡ್ ಹಲಗೆಯ ಮೇಲಿನ ಮೂರು ಗುಂಡಿ. ಎರಡು ಕೆಟ್ಟಿದ್ದವು. ಮೂರನೆಯದನ್ನು ಒತ್ತಿದರೆ ಇಂಜಿನ್ನಿನ ಸದ್ದು ಬರುತ್ತದಂತೆ. ಮಾವ ತಲೆ ಓರೆ ಮಾಡಿ ಕೇಳಿಸಿಕೊಂಡು, ಇದು ನೀರೆತ್ತುವ ಪಂಪಿನ ಸದ್ದು ಎಂದರು. ಇನ್ನು ವಿಮಾನದ ಸುತ್ತ ಹಳದಿ ಗೆರೆ. ಹತ್ತು ವರ್ಷದೊಳಗಿನ ಮಕ್ಕಳು ಮೆಟ್ಟಿಲು ಹತ್ತಿ ರೆಕ್ಕೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ದೊಡ್ಡವರು ಗೆರೆಯೀಚೆ ಕೈಕಟ್ಟಿ ನಿಲ್ಲಬೇಕು. ಅಂದರೆ ನಿಮ್ಮಲ್ಲಿ ಕಾಲಿಗಿರುವ ಮರ್ಯಾದೆ ಕೈಗಿಲ್ಲ.

ಆ ಕಾಲುಗಳನ್ನು ಎಲ್ಲಿ ನಿಲ್ಲಿಸುತ್ತಿದ್ದೀರಿ ಎಂಬುದಾದರೂ ಗೊತ್ತಿದೆಯೇ? ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ತೆಳುವಾದ ಭಾಗವೊಂದಿದೆ. ಅದು ಗಾಳಿಗೆ ಒಡ್ಡಲು ಇರುವುದು, ಜನರನ್ನು ಹೊರಲು ಅಲ್ಲ. ಅದಕ್ಕೇ ಅದರ ಮೇಲೆ 'ಕಾಲಿಡಬೇಡಿ' ಎಂದು ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ತಗಡಿನಲ್ಲಿ ಅಕ್ಷರ ಕತ್ತರಿಸಿ, ಅದನ್ನಿಟ್ಟು ಬಣ್ಣ ಬಳಿಯುವ ಕೆಲಸವನ್ನೂ ಮಾವ ಮಾಡಿದವರೇ. ವಿಮಾನಕ್ಕೆ ಹೊಸ ಬಣ್ಣ ಹೊಡೆಸುವ ಹುರುಪಿನಲ್ಲಿ ನೀವು ಆ ಅಕ್ಷರಗಳನ್ನು ಮುಚ್ಚಿಸಿ, ಮೆಟ್ಟಿಲನ್ನು ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸಿದ್ದೀರಿ. ನಿಮ್ಮ ಗುರಿಯನ್ನು ಮೆಚ್ಚಲೇಬೇಕು.

ನನ್ನ ಮಗಳು ಸಾಲಿನಲ್ಲಿ ಕಾದು ಮೆಟ್ಟಿಲೇರಿದ್ದಳು. ಅವಳ ಮುಂದಿನ ಮಗುವಿನ ಬೂಟಿನ ಟೊಳ್ಳು ಸದ್ದು ಕೇಳಿದ್ದೇ ತಡ, ಮಾವ ನನ್ನ ಕೈ ಬಿಡಿಸಿಕೊಂಡು ನಡೆದೇಬಿಟ್ಟರು. ಹಳದಿ ಗೆರೆ ಅವರಿಗೆಲ್ಲಿ ಕಾಣಬೇಕು? ರೆಕ್ಕೆಯಂಚಿಗೆ ಕೈಯಿಟ್ಟು, ಹೊಸ ಬಣ್ಣದಡಿಯ ಹಳೆಯ ಅಕ್ಷರಗಳ ಉಬ್ಬನ್ನು ಬೆರಳಲ್ಲಿ ಒಂದೊಂದಾಗಿ ತಡವಿದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ ಹೇಳಿದರು: "ಪುಟ್ಟಿ, ಇಳಿಯಮ್ಮ. ಆ ಮಗೂನೂ ಇಳಿಸ್ಕೋ. ಇದು ಕಾಲಿಡೋ ಜಾಗ ಅಲ್ಲ."

ಆಗ ನಿಮ್ಮ ಕಾವಲುಗಾರ ಸೀಟಿ ಊದಿದ. ನೂರಾರು ಜನ ತಿರುಗಿ ನೋಡಿದರು. ಮೇಲ್ವಿಚಾರಕರು ಬಂದು, ಬಣ್ಣ ಹೊಸದು, ಕೈಯ ಬೆವರಿಗೆ ಹಾಳಾಗುತ್ತದೆ ಎಂದು ಬೋಧಿಸಿದರು. ನನ್ನ ಗಂಡ ಅಕ್ಷರಗಳ ವಿಷಯ ಬಿಡಿಸಿ ಹೇಳಿದರೆ, ಬಣ್ಣ ಹೊಡೆದವರಿಗೆ ಅದೆಲ್ಲ ಗೊತ್ತಿರುತ್ತದೆ ಎಂಬ ಉತ್ತರ. ಕೊನೆಗೊಂದು ಪುಸ್ತಕ ಬಂತು. 'ಪ್ರದರ್ಶನದ ವಸ್ತುವನ್ನು ಮುಟ್ಟಿದ್ದಕ್ಕೆ ವಿಷಾದಿಸುತ್ತೇನೆ' ಎಂದು ಮೊದಲೇ ಅಚ್ಚಾಗಿತ್ತು. ಮಾವನಿಗೆ ಸಹಿ ಮಾಡುವ ಜಾಗ ಕಾಣಲಿಲ್ಲ. ಮೇಲ್ವಿಚಾರಕರೇ ಅವರ ಬೆರಳು ಹಿಡಿದು ಗೆರೆಯ ಮೇಲಿಟ್ಟರು. ಆ ದಿನ ನಿಮ್ಮ ಸಂಗ್ರಹಾಲಯದವರು ಕೈಹಿಡಿದು ಅವರಿಂದ ಮುಟ್ಟಿಸಿದ್ದು ಆ ಪುಸ್ತಕವೊಂದನ್ನೇ. ಮಾವ ತೆಪ್ಪಗೆ ಸಹಿ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು, ಈಗಲೂ ಉರಿಯುತ್ತಿದೆ.

ತಾತ ಏನು ತಪ್ಪು ಮಾಡಿದರು ಎಂದು ಮಗಳು ಬಸ್ಸಿನಲ್ಲಿ ಕೇಳಿದಳು. ಉತ್ತರ ನಿಮ್ಮ ಬಳಿ ಇದ್ದರೆ ದಯವಿಟ್ಟು ಕಳಿಸಿಕೊಡಿ, ಓದಿ ಹೇಳುತ್ತೇನೆ.

ಇನ್ನು ನಾನು ಕೇಳುವುದು: ಆ ಹಾಳೆಯನ್ನು ಪುಸ್ತಕದಿಂದ ಹರಿದು ನಮ್ಮ ಮನೆಗೆ ಕಳಿಸಿ. ಸಂಗ್ರಹಾಲಯಕ್ಕೆ ರಜೆಯಿರುವ ದಿನ ಒಂದು ಗಂಟೆ ಮಾವನನ್ನು ಆ ವಿಮಾನದ ಹತ್ತಿರ ಬಿಡಿ, ಸೀಟಿಯನ್ನು ಬೀರುವಿನಲ್ಲಿಡಿ. ಇದನ್ನೆಲ್ಲ ಮಾವನಿಗೆ ಓದಿ ಹೇಳಿದಾಗ ಅವರು ಒಪ್ಪಲಿಲ್ಲ. "ನನ್ನ ವಿಷಯ ಬಿಡಮ್ಮ. ಮೊದ್ಲು ಆ ಮೆಟ್ಟಿಲು ತೆಗೀಲಿ ಅಂತ ಬರಿ" ಎಂದರು. ಬರೆದಿದ್ದೇನೆ.

ಅವರು ಸುಮ್ಮನೆ ಕೂತಿಲ್ಲ. ಮೊಮ್ಮಗಳು ರಟ್ಟಿನ ಮೇಲೆ ದಪ್ಪಗೆ ಗೆರೆ ಒತ್ತಿ ಬರೆದುಕೊಡುತ್ತಾಳೆ, ಇವರು ಬೆರಳಲ್ಲಿ ತಡವಿ ತಡವಿ ಕತ್ತರಿಸುತ್ತಾರೆ. 'ಕಾಲಿಡಬೇಡಿ' ಎಂಬ ಐದು ಅಕ್ಷರಗಳಲ್ಲಿ ನಾಲ್ಕು ಮುಗಿದಿವೆ. ಕೆಂಪು ಬಣ್ಣವನ್ನು ನಾವೇ ತರುತ್ತೇವೆ. ಅವರ ಕಣ್ಣಲ್ಲಿ ಉಳಿದಿರುವ ಬೆಳಕು ಆರುವ ಮೊದಲು ಬಾಗಿಲು ತೆಗೆಯಿರಿ.

ಇಂತಿ,
ತಪ್ಪೊಪ್ಪಿಕೊಂಡವರ ಸೊಸೆ,
ನಿಮ್ಮ ಫಲಕದ ಮಾತನ್ನು ನಿಜವೆಂದುಕೊಂಡ ಪೆದ್ದಿ