ಹಂಗಳದ ಆಂಬುಲೆನ್ಸ್ ಮತ್ತು ತಮ್ಮ ಸುಂದರ ಸರಾಸರಿ

ಜಿಲ್ಲೆಯ ಆಂಬುಲೆನ್ಸ್‌ಗಳು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಮಾನ್ಯ ಮೇಲಧಿಕಾರಿಗಳೇ,

ಮೊದಲಿಗೆ ಅಭಿನಂದನೆಗಳು. ಆಂಬುಲೆನ್ಸ್ ರೋಗಿಯ ಬಳಿ ತಲುಪುವ ಸರಾಸರಿ ಸಮಯದಲ್ಲಿ ಚಾಮರಾಜನಗರ ಜಿಲ್ಲೆ ಭಾರೀ ಪ್ರಗತಿ ಸಾಧಿಸಿದೆ ಎಂದು ತಾವು ಹೊರಡಿಸಿದ ಬಣ್ಣದ ವರದಿ ಕೈಸೇರಿತು. ಮುಖಪುಟದಲ್ಲಿ ನನ್ನ ಹೆಸರೂ ಇದೆ. ಈ ಪ್ರಗತಿಯೆಲ್ಲ ನಾನು ಮಾಡಿಕೊಟ್ಟ ಗಣಿತ ಮಾದರಿಯ ಫಲವಂತೆ. ನನ್ನ ದೂರು ಇಷ್ಟೇ: ಹಂಗಳದಲ್ಲಿ ಒಂದು ಗಾಡಿ, ಪುಣಜನೂರಿನಲ್ಲಿ ಒಂದು ಗಾಡಿ ಇರಲೇಬೇಕು ಎಂದು ಆ ಮಾದರಿ ಹೇಳಿತ್ತು. ತಾವು ಎರಡೂ ಕಾಡಂಚಿನ ಊರುಗಳಲ್ಲಿ ನಿಂತಿದ್ದ ಗಾಡಿಗಳನ್ನು ಚಾಮರಾಜನಗರಕ್ಕೆ ಎಳೆದುಕೊಂಡು, ಆ ಆದೇಶದ ಕೆಳಗೆ ನನ್ನ ಹೆಸರು ಹಾಕಿದಿರಿ. ಅಡುಗೆಯವನು ಬೇಡವೆಂದರೂ ಸಾರಿಗೆ ಸುಣ್ಣ ಬೆರೆಸಿ, ಉಂಡವರಿಗೆ ಅಡುಗೆಯವನ ಮನೆ ತೋರಿಸಿದ ಹಾಗಾಯಿತು.

ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ತಂದೆ ಅಪ್ಸರ್ ಪಾಷಾ ಗುಂಡ್ಲುಪೇಟೆಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದರು. ನನಗೆ ಸಂಖ್ಯಾಶಾಸ್ತ್ರದಲ್ಲಿ ಡಾಕ್ಟರೇಟ್ ಬಂದ ದಿನ ಬೀದಿಗೆಲ್ಲ ಸಿಹಿ ಹಂಚಿದರು. ಮಾರನೆಯ ದಿನದಿಂದ ಜನ ಕೆಮ್ಮು, ಮಂಡಿನೋವು ಹೊತ್ತುಕೊಂಡು ನಮ್ಮ ಬಾಗಿಲಿಗೆ ಬರತೊಡಗಿದರು. ಮೊದಲು ಬಂದವಳು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ, ಹಂಗಳಕ್ಕೆ ಮದುವೆಯಾಗಿ ಹೋಗಿದ್ದ ಸಣ್ಣಮ್ಮ. ನಾನು ಮನುಷ್ಯರ ಡಾಕ್ಟರಲ್ಲ, ಅಂಕಿಗಳ ಡಾಕ್ಟರು ಎಂದೆ. "ಅಂಕಿಗೂ ಕಾಯ್ಲ ಬತ್ತದಾ ಕಣಮ್ಮಿ?" ಎಂದು ಕೇಳಿದಳು. ಉತ್ತರಕ್ಕೂ ಕಾಯದೆ ಅತ್ತೆಯ ಜಗಳ, ಹಸುವಿನ ಹಟ, ಹೊಲಕ್ಕೆ ನುಗ್ಗಿದ ಹಂದಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವಳ ಮಾತು ಮುಗಿಯಲೆಂದು ಹಂಗಳದ ಬಸ್ಸೇ ಕಾಯುತ್ತದೆ ಎಂದು ಊರವರು ನಗುತ್ತಿದ್ದರು.

ಮೈಸೂರಿನಲ್ಲಿ ಪಾಠ ಹೇಳುತ್ತ ನಾನು ಮೂವತ್ತು ವರ್ಷ ಮಾಡಿದ್ದು ಅಂಕಿಗಳ ಈ ವೈದ್ಯವನ್ನೇ. ಹೆರಿಗೆ ಕೋಣೆ ಯಾವ ಊರಿನಲ್ಲಿದ್ದರೆ ಹೆಚ್ಚು ತಾಯಂದಿರು ಉಳಿಯುತ್ತಾರೆ, ಲಸಿಕೆ ಮೊದಲು ಎಲ್ಲಿಗೆ ಹೋಗಬೇಕು, ಇರುವ ಒಬ್ಬ ವೈದ್ಯರನ್ನು ಎಷ್ಟು ಊರಿಗೆ ಹಂಚಬಹುದು, ಇಂಥವೇ ಲೆಕ್ಕಗಳು. ಬಂದ ಅಧಿಕಾರಿಗಳೆಲ್ಲ ನನ್ನ ವರದಿಗಳನ್ನು ಅಲಮಾರಿನಲ್ಲಿಟ್ಟು ಗೌರವಿಸಿದರು. ತಾವೊಬ್ಬರೇ ಹೊರತೆಗೆದು, ತಿದ್ದಿ, ಜಾರಿಗೂ ತಂದಿರಿ. ಅಲಮಾರು ಎಂಥ ಉಪಕಾರಿ ಎಂಬುದು ನನಗೆ ಅರಿವಾದದ್ದು ಆಗಲೇ.

ತಾವು ತಿದ್ದಿದ್ದು ಸಣ್ಣದೊಂದನ್ನು, ಒಪ್ಪುತ್ತೇನೆ. ಗಾಡಿಗಳನ್ನು ಹೇಗೆ ನಿಲ್ಲಿಸಿದರೆ ಎಲ್ಲಕ್ಕಿಂತ ದೂರದ ಮನೆಗೂ ಹೊತ್ತು ಮೀರುವ ಮುಂಚೆ ತಲುಪಬಹುದು ಎಂಬುದು ನನ್ನ ಮಾದರಿಯ ಪ್ರಶ್ನೆ. ಹೇಗೆ ನಿಲ್ಲಿಸಿದರೆ ಸರಾಸರಿ ಚೆನ್ನಾಗಿ ಕಾಣುತ್ತದೆ ಎಂಬುದು ತಮ್ಮ ಪ್ರಶ್ನೆ. ಕರೆಗಳು ಹೆಚ್ಚು ಬರುವುದು ಪಟ್ಟಣದಿಂದ; ಗಾಡಿಗಳನ್ನು ಪಟ್ಟಣದಲ್ಲೇ ಇಟ್ಟರೆ ಸರಾಸರಿ ತಾನಾಗಿ ಇಳಿಯುತ್ತದೆ. ತಮ್ಮ ಏಸಿ ಕೋಣೆಯನ್ನೂ ಹಂಗಳದ ಬಿಸಿಲನ್ನೂ ಕೂಡಿಸಿ ಎರಡರಿಂದ ಭಾಗಿಸಿ ನೋಡಿ, ಹವೆ ಹಿತವಾಗಿಯೇ ಇದೆ. ಬಿಸಿಲಿನಲ್ಲಿ ನಿಂತವರಿಗೆ ಅದು ಗೊತ್ತಾಗುತ್ತಿಲ್ಲ, ಅಷ್ಟೇ.

ಗಾಡಿ ಹೋದ ಮೇಲಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಣ್ಣಮ್ಮ ಹೊಲದಲ್ಲಿ ಚೆಂಡುಹೂವು ಬಿಡಿಸುತ್ತಿದ್ದಳು. ಮಡಿಲಿನ ಹೂವೆಲ್ಲ ನೆಲಕ್ಕೆ ಸುರಿಯಿತು. ಬಲಗೈ ಎತ್ತಲು ಆಗಲಿಲ್ಲ. ಗಂಡ ಮರಿಯಯ್ಯ ಬಿಸಿಲು ಬಡಿದಿರಬೇಕೆಂದು ನೆರಳಿಗೆ ಕರೆತಂದ. ಆದರೆ ಸೊಸೆ ಚೈತ್ರ ಅತ್ತೆಯ ಬಾಯಿ ಒಂದು ಕಡೆಗೆ ಸೊಟ್ಟಗಾದದ್ದನ್ನು ನೋಡಿದಳು. ಮಾತು ತೊದಲುತ್ತಿತ್ತು. ಲಕ್ವ ಎಂದು ಅವಳಿಗೆ ತಿಳಿಯಿತು, ಕೂಡಲೇ ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಅವಳು ಏನೇನು ಮಾಡಬೇಕಿತ್ತೋ ಅಷ್ಟನ್ನೂ ಮಾಡಿದಳು ಎಂಬುದನ್ನು ದಯವಿಟ್ಟು ಗಮನಿಸಬೇಕು. ಜನರಲ್ಲಿ ಅರಿವಿನ ಕೊರತೆ ಇದೆ ಎಂದು ತಮ್ಮ ವರದಿಯಲ್ಲಿ ಒಂದು ಅಧ್ಯಾಯವೇ ಇದೆ.

ಹತ್ತಿರದ ಗುಂಡ್ಲುಪೇಟೆಯ ಆಂಬುಲೆನ್ಸ್ ಯಾವುದೋ ಅಪಘಾತದ ಗಾಯಾಳುಗಳನ್ನು ಹೊತ್ತು ಮೈಸೂರಿಗೆ ಹೋಗಿತ್ತು. ಆದ್ದರಿಂದ ಚಾಮರಾಜನಗರದಿಂದ ಕಳಿಸುತ್ತೇವೆ ಎಂಬ ಉತ್ತರ ಬಂತು. ಚೈತ್ರ ಮತ್ತೆ ಮತ್ತೆ ಫೋನ್ ಮಾಡಿದಳು. ಪ್ರತಿ ಸಲವೂ ಗಾಡಿ ಹೊರಟಿತ್ತು, ಬರುತ್ತಲೇ ಇತ್ತು. ಹಂಗಳದ ಗಾಡಿ ಮೊದಲು ನಿಲ್ಲುತ್ತಿದ್ದ ಜಾಗ ಅವರ ಮನೆಯ ಜಗಲಿಯಿಂದಲೇ ಕಾಣುತ್ತದೆ. ಒಂದು ಗಂಟೆ ದಾಟಿತು. ಕೇರಳದಲ್ಲಿ ತರಕಾರಿ ಇಳಿಸಿ ಬರುತ್ತಿದ್ದ ಗುಂಡ್ಲುಪೇಟೆಯ ಜುಬೇರನ ಟೆಂಪೋಗೆ ಮರಿಯಯ್ಯ ರಸ್ತೆ ಮಧ್ಯೆ ನಿಂತು ಕೈ ಅಡ್ಡ ಹಾಕಿದ. ಜುಬೇರ್ ಒಂದು ಮಾತೂ ಕೇಳದೆ ಖಾಲಿ ಟೊಮೆಟೊ ಕ್ರೇಟುಗಳನ್ನು ರಸ್ತೆ ಬದಿಗೆ ಎಸೆದು ಜಾಗ ಮಾಡಿ, ಸಣ್ಣಮ್ಮನನ್ನು ಮಲಗಿಸಿಕೊಂಡು ಹೊರಟ. ದಾರಿಯಲ್ಲಿ ಆಂಬುಲೆನ್ಸ್ ಚಾಲಕನ ಫೋನ್ ಬಂತು, ಮನೆ ಎಲ್ಲಿ ಎಂದು ಕೇಳಲು. ಮರಿಯಯ್ಯ ಹೇಳಿದ್ದು ಇಷ್ಟು: "ಬ್ಯಾಡ ಬುಡಪ್ಪ. ನಾವೇ ಓಯ್ತಾ ಇದ್ದೀವಿ."

ತಾಲ್ಲೂಕು ಆಸ್ಪತ್ರೆಯವರು ನೋಡಿದ ಕೂಡಲೇ ಮೈಸೂರಿಗೆ ಕರೆದೊಯ್ಯಿರಿ ಎಂದರು. ಇನ್ನೊಂದು ಗಾಡಿ ಹುಡುಕಿ ಮೈಸೂರು ಮುಟ್ಟುವಷ್ಟರಲ್ಲಿ ಇಳಿಹೊತ್ತಾಗಿತ್ತು. ಸುದ್ದಿ ತಿಳಿದು ನಾನು ಆಸ್ಪತ್ರೆಗೆ ಓಡಿದಾಗ ಮರಿಯಯ್ಯ ವಾರ್ಡಿನ ಹೊರಗೆ ಗೋಡೆಗೊರಗಿ ನಿಂತಿದ್ದ. ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದಿದೆ, ಆದರೆ ಅದನ್ನು ಕೊಡುವ ಹೊತ್ತು ಮೀರಿಹೋಗಿದೆ ಎಂದು ವೈದ್ಯರು ನನಗೆ ಹೇಳಿದರು. ಅದನ್ನು ಮರಿಯಯ್ಯನಿಗೆ ನಾನು ಹೇಳಬೇಕಾಯಿತು. ಅವನು ನನ್ನನ್ನು ಬೈಯಲಿಲ್ಲ. "ಗಾಡಿನ ಯಾಕವ್ವ ತಕ್ಕೊಂಡೋದ್ರು?" ಎಂದು ಮಾತ್ರ ಕೇಳಿದ. ಸರಾಸರಿಗಾಗಿ ಎಂದು ಹೇಳಲು ನನ್ನಿಂದ ಆಗಲಿಲ್ಲ.

ಎರಡು ತಿಂಗಳ ನಂತರ ತಮ್ಮ ಪರಿಶೀಲನಾ ಸಭೆಗೆ ನನ್ನನ್ನು ಕರೆದಿರಿ. ಹೂಗುಚ್ಛ, ಗೋಡಂಬಿ, ಪರದೆಯ ಮೇಲೆ ಇಳಿಯುತ್ತಿರುವ ಗೆರೆ. ಹಂಗಳದ ಆ ಮಧ್ಯಾಹ್ನದ ಕರೆ ಇದರಲ್ಲಿ ಎಲ್ಲಿದೆ ಎಂದು ಕೇಳಿದೆ. ತಮ್ಮ ಕಿರಿಯ ಅಧಿಕಾರಿ ಹುಡುಕಿ, ಅದು ಕರೆ ಮಾಡಿದವರ ಕೋರಿಕೆಯಂತೆ ರದ್ದಾಗಿದೆ, ರದ್ದಾದ ಕರೆಗಳು ಲೆಕ್ಕಕ್ಕೆ ಬರುವುದಿಲ್ಲ ಎಂದರು. ಎಂಥ ಜಾಣ ಲೆಕ್ಕ! ಬೇಗ ಬಂದ ಗಾಡಿ ಸರಾಸರಿಯನ್ನು ಇಳಿಸುತ್ತದೆ. ಬಾರದೇ ಹೋದ ಗಾಡಿ ಸರಾಸರಿಯ ತಂಟೆಗೇ ಹೋಗುವುದಿಲ್ಲ. ಈ ದಾರಿಯಲ್ಲೇ ಮುಂದುವರಿದು ಇರುವ ಗಾಡಿಗಳನ್ನೆಲ್ಲ ತಮ್ಮ ಕಚೇರಿಯ ಅಂಗಳದಲ್ಲೇ ನಿಲ್ಲಿಸಿದರೆ, ಕಚೇರಿಯಲ್ಲಿ ತಲೆ ಸುತ್ತಿದವರನ್ನು ಬಿಟ್ಟು ಉಳಿದವರೆಲ್ಲ ತಾವಾಗಿಯೇ ರದ್ದಾಗುತ್ತಾರೆ. ಜಿಲ್ಲೆ ದೇಶಕ್ಕೇ ಮೊದಲು ಬರಬಹುದು.

ನಾನು ಸಣ್ಣಮ್ಮನ ವಿಷಯ ಎತ್ತಿದಾಗ ತಾವು ನಕ್ಕು, "ಒಬ್ಬರ ಕಥೆ ಪುರಾವೆಯಲ್ಲ ಅಂತ ನೀವೇ ಪಾಠ ಹೇಳ್ತಿದ್ರಲ್ಲ ಮೇಡಂ?" ಎಂದಿರಿ. ಹೌದು, ಹೇಳುತ್ತಿದ್ದೆ. ಆದ್ದರಿಂದಲೇ ರದ್ದಾದ ಕರೆಗಳನ್ನೆಲ್ಲ ಕೇಳಿ ಪಡೆದು, ಊರೂರಿಗೆ ಹೊಂದಿಸಿ ನೋಡಿದೆ. ಪಟ್ಟಣದಲ್ಲಿ ಅಪರೂಪಕ್ಕೊಂದು ರದ್ದಾಗಿತ್ತು. ಹಂಗಳ, ಪುಣಜನೂರು ಕಡೆಯವು, ಗಾಡಿಗಳು ಹೋದ ತಿಂಗಳಿನಿಂದ, ರಾಶಿ ಬಿದ್ದಿದ್ದವು. ಆ ಜನರಿಗೆ ಕಾಯಿಲೆ ಕಡಿಮೆಯಾಗಿಲ್ಲ ಸ್ವಾಮಿ, ಕಾಯುವ ಶಕ್ತಿ ಮುಗಿದಿದೆ. ಅದನ್ನು ಬರೆದು ಕಳಿಸಿದೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಹಾಗಾದರೆ ನನ್ನ ಹೆಸರನ್ನಾದರೂ ತೆಗೆಯಿರಿ ಎಂದೆ; ಮುದ್ರಣವಾಗಿಹೋಗಿದೆ, ಸಾಧ್ಯವಿಲ್ಲ ಎಂದಿರಿ. ರೋಗಿಯನ್ನು ಲೆಕ್ಕದಿಂದ ತೆಗೆಯುವುದು ಇಷ್ಟು ಸುಲಭ, ಪ್ರಾಧ್ಯಾಪಕಿಯನ್ನು ಮುಖಪುಟದಿಂದ ತೆಗೆಯುವುದು ಅಷ್ಟು ಕಷ್ಟ. ಸನ್ಮಾನಕ್ಕೆಂದು ಮನೆಗೆ ಬಂದ ಶಾಲು, ಪೇಟವನ್ನು ತಂದವರ ಕೈಯಲ್ಲೇ ಹಿಂದಕ್ಕೆ ಕಳಿಸಿದ್ದೇನೆ.

ಈಗ ನನ್ನ ಒತ್ತಾಯ. ಹಂಗಳದ ಗಾಡಿ ಹಂಗಳಕ್ಕೆ, ಪುಣಜನೂರಿನದು ಪುಣಜನೂರಿಗೆ ಈ ತಿಂಗಳೇ ಹಿಂತಿರುಗಬೇಕು. ಕಾದು ಸಾಕಾಗಿ ಬೇಡವೆಂದವರನ್ನೂ ಕಾದವರೆಂದೇ ಎಣಿಸಬೇಕು. ಇದು ಆಗದ ಮಾತು ಎನ್ನುವುದಾದರೆ ತಾವೇ ಒಮ್ಮೆ ಹಂಗಳಕ್ಕೆ ಬನ್ನಿ. ಕಳೆದ ವಾರ ನಾನು ಹೋಗಿದ್ದೆ. ಸಣ್ಣಮ್ಮ ಬದುಕಿದ್ದಾಳೆ; ಬಲಗೈ ಮಡಿಲಲ್ಲಿ ಬಿದ್ದಿರುತ್ತದೆ. ಅಷ್ಟು ಮಾತಿನಲ್ಲಿ ಅವಳಿಗೆ ಉಳಿದಿರುವುದು ಒಂದೇ ಪದ, "ಆಯ್ತು". ಹಸಿವಿಗೂ ಅದೇ, ಸಿಟ್ಟಿಗೂ ಅದೇ. ನನ್ನ ಗುರುತು ಹಿಡಿದು, ಕಣ್ಣು ತುಂಬಿಕೊಂಡು ಹೇಳಿದ್ದೂ ಅದನ್ನೇ. ಅವಳ ಎದುರು ಕುಳಿತು ತಮ್ಮ ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಓದಿ ಮುಗಿಸಿ, ಇದಕ್ಕೆ ಒಪ್ಪಿಗೆ ಇದೆಯೇ ಎಂದು ಅವಳನ್ನೇ ಕೇಳಿ. ಅವಳು ಕೊಡುವ ಉತ್ತರವನ್ನು ತಾವು ಬರೆದುಕೊಂಡು ಹೋಗಬಹುದು.

ಇಂತಿ,
ತಾವು ತೆಗೆಯಲಾರದ ಹೆಸರಿನ,
ಅನೀಸಾ
ಅಂಕಿಗಳ ನಿವೃತ್ತ ಡಾಕ್ಟರು, ಗುಂಡ್ಲುಪೇಟೆ