ಎಡ ಭುಜ

ನಿಟ್ಟೂರು, ಗುಬ್ಬಿ ತಾಲ್ಲೂಕು
9 ಜುಲೈ 2023

ಚಿ. ಪಲ್ಲವಿಗೆ,

ನಾನೂ ನಿನ್ನ ಅಮ್ಮನೂ ಕ್ಷೇಮ. ದೆಹಲಿ ಕ್ಯಾಂಪಿನ ಆ ಬಿಸಿಲಿನಲ್ಲಿ ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಇಪ್ಪತ್ತೆರಡು ದಿನವಾಯಿತು. ಫೋನಿನಲ್ಲಿ ನನಗೆ ಕಿವಿ ಕೇಳಿಸದೆಂದು ನೀನು ಬರೆದು ಕೇಳಿದೆ. ನಾನು ಉತ್ತರಿಸಲಿಲ್ಲ. ತಡವಾದದ್ದು ಮರೆವಿನಿಂದಲ್ಲ. ಕ್ಷಮಿಸು.

ಇಟಲಿಯ ಬಂದೂಕು ಪಂದ್ಯದ ಬಗ್ಗೆ ನೀನು ಬರೆದದ್ದನ್ನು ಮೂರು ಸಲ ಓದಿದೆ. ಗಾಳಿಗೆ ಹಾರಿಬಿಟ್ಟ ನೂರಿಪ್ಪತ್ತೈದು ಮಣ್ಣಿನ ತಟ್ಟೆಗಳಲ್ಲಿ ನೂರ ಹದಿನಾರನ್ನು ಗುಂಡಿನಿಂದ ಒಡೆದಿದ್ದೀಯ. ಫೈನಲ್ಲಿನ ಕೊನೆಯ ಜಾಗಕ್ಕೆ ಇನ್ನೊಬ್ಬಳ ಜೊತೆ ಸಮವಾಗಿ, ನಿರ್ಣಯದ ಸುತ್ತಿನಲ್ಲಿ ಒಂದೇ ತಟ್ಟೆ ತಪ್ಪಿ ಹೊರಗುಳಿದಿದ್ದೀಯ. ತಪ್ಪಿದವುಗಳಲ್ಲಿ ಹೆಚ್ಚಿನವು ಬಲಕ್ಕೆ ಹಾರಿದ ತಟ್ಟೆಗಳೇ ಎಂದೂ ಬರೆದಿದ್ದೀಯ.

ಮೊನ್ನೆ ತುಮಕೂರಿಗೆ ಹೋಗಿದ್ದೆ. ಶಿರಾ ಗೇಟಿನಲ್ಲಿ ಕನ್ನಡಕದ ಅಂಗಡಿಯ ಆಂಜನಪ್ಪ ಸಿಕ್ಕ. "ಏನ್ ಮೇಷ್ಟ್ರೇ, ಮಗಳು ಒಂದ್ ತಟ್ಟೇಲಿ ಸೋತ್ಲಂತೆ? ನಮ್ ಮನೇಲಿ ದಿನಾ ಎರಡು ಒಡೀತವೆ, ಒಬ್ರೂ ಮೆಡಲ್ ಕೊಡಲ್ಲ ಕಣ್ರೀ" ಎಂದ. ನಕ್ಕೆ. ಆಮೇಲೆ ನಿನ್ನ ಹೊಸ ಕೋಚ್ ಮಾಡಿಸಿದ ಪರೀಕ್ಷೆಯ ಬಗ್ಗೆ ಅವನನ್ನು ಕೇಳಿದೆ. ಎರಡೂ ಅಂಗೈ ಜೋಡಿಸಿ, ನಡುವೆ ಕಿಂಡಿ ಬಿಟ್ಟು, ಅದರೊಳಗಿಂದ ಎದುರಿನವರ ಮೂಗು ನೋಡುವುದು. ಕಿಂಡಿಯಲ್ಲಿ ಕೋಚ್‌ಗೆ ಕಂಡದ್ದು ನಿನ್ನ ಎಡಗಣ್ಣು. ಆಂಜನಪ್ಪ ನಗು ನಿಲ್ಲಿಸಿ ಹೇಳಿದ: "ಹಂಗಾದ್ರೆ ಗುರಿ ಹಿಡಿಯೋ ಕಣ್ಣು ಎಡದ್ದೇ ಮೇಷ್ಟ್ರೇ. ಅದು ಹುಟ್ತಾ ಬರೋದು. ನಾನು ಎಂಥಾ ಕನ್ನಡಕ ಕೊಟ್ರೂ ಬದಲಾಗಲ್ಲ."

ಬಂದೂಕು ಗುರಿ ಹಿಡಿಯುವ ಕಣ್ಣಿನ ಕಡೆಯ ಭುಜದಲ್ಲೇ ಇರಬೇಕು, ಈಗ ಎಡ ಭುಜಕ್ಕೆ ಬದಲಿಸಿದರೆ ಒಂದು ವರ್ಷವಾದರೂ ತಂಡದಲ್ಲಿ ಜಾಗವಿರದು, ಬದಲಿಸದಿದ್ದರೆ ಇಲ್ಲಿಗೇ ನಿಲ್ಲುತ್ತೀಯ ಎಂದು ಕೋಚ್ ಹೇಳಿದರಂತೆ. "ಬಲ ಭುಜಕ್ಕೆ ಇಟ್ಟವರು ನೀವು, ಅಪ್ಪಾಜಿ. ನೀವು ಹೇಳಿದರೆ ಮಾತ್ರ ತೆಗೆಯುತ್ತೇನೆ" ಎಂದು ನೀನು ಬರೆದೆ. ಕೊನೆಯಲ್ಲಿ, ಕ್ಯಾಂಪಿನ ವೈದ್ಯರು ನಿನ್ನ ಎಡ ಮಣಿಕಟ್ಟಿನ ಗಂಟನ್ನು ನೋಡಿ ಕೇಳಿದ್ದರ ಬಗ್ಗೆ ಒಂದು ಸಾಲು. ಆ ಸಾಲಿಗೆ ಆಮೇಲೆ ಬರುತ್ತೇನೆ.

ಈ ಪತ್ರವನ್ನು ನಿನ್ನೆ ಮೊದಲು ಎಡಗೈಯಲ್ಲಿ ಬರೆಯಲು ಕೂತೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ನಾಲ್ಕು ಸಾಲು ಆಯಿತು. ನಿನ್ನ ಅಮ್ಮ ಬಗ್ಗಿ ನೋಡಿದಳು. "ಇದೇನ್ರೀ, ಕಾಗೆ ಕಾಲು ಗುಬ್ಬಿ ಕಾಲು? ಅರವತ್ತೇಳಕ್ಕೆ ಒಂದನೇ ಕ್ಲಾಸ್ ಸೇರ್ಕೊಂಡ್ರಾ?"

ಕೋಚ್ ಹೇಳಿದ ಭುಜದ ವಿಷಯ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನಾನು ಆವತ್ತೇ ಅಂದೆ, ಮಗು ಎಡಚಿ, ಬುಡಿ ಅಂತ. ನೀವೂ ನಿಮ್ಮವ್ವನೂ ಕೇಳಿದ್ರಾ? ದಿನಾ ಬೆಳಿಗ್ಗೆ ಲಿಂಗ ಇಟ್ಕೊಂಡು ಪೂಜೆ ಮಾಡೋದು ಯಾವ್ ಅಂಗೈ ಮೇಲೆ ನೀವು? ಎಡದ್ದೇ ತಾನೆ? ಆ ಕೈಲಿ ಮಗು ಬರುದ್ರೆ ಮಾತ್ರ ಹೊಲಸಾ?"

ಮೂವತ್ತೊಂದು ವರ್ಷ ಮೇಷ್ಟ್ರಾಗಿದ್ದ ನಾನು ಆ ನಾಲ್ಕು ಸಾಲಿನ ಹಾಳೆಯನ್ನು ಮಡಿಸಿಟ್ಟೆ; ಇದನ್ನು ಇಂದು ಬಲಗೈಯಲ್ಲಿ ಬರೆಯುತ್ತಿದ್ದೇನೆ.

ನಿನಗೆ ಹನ್ನೆರಡಾದಾಗ ತೋಟದಲ್ಲಿ ಬೆಳೆ ಕಾಯುವ ಬಂದೂಕನ್ನು ಮೊದಲ ಸಲ ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಎಡ ಭುಜಕ್ಕೆ ಏರಿಸಿದೆ. ನಾನು ಬಲಕ್ಕೆ ಸರಿಸಿದೆ. ತೆಂಗಿನ ಚಿಪ್ಪನ್ನು ಮೇಲಕ್ಕೆ ಎಸೆದೆ, ನೀನು ಒಡೆದೆ. ನಾನು ಮಾಡಿದ್ದು ಸರಿ ಎನ್ನಲು ನನಗೆ ಆ ಒಂದು ಚಿಪ್ಪು ಸಾಕಾಯಿತು. ಅಂದಿನಿಂದ ನೀನು ಒಡೆದದ್ದೆಲ್ಲ ನಿನ್ನ ಕಣ್ಣಿಗೆ ವಿರುದ್ಧವಾಗಿ ಒಡೆದದ್ದು. ಅದನ್ನು ಈಗ ಲೆಕ್ಕ ಹಾಕಲು ಹೋಗುವುದಿಲ್ಲ.

ಎಡಕ್ಕೆ ಬದಲಿಸು. ಒಂದು ವರ್ಷ ಹೋದರೆ ಹೋಗಲಿ. ಇನ್ನು ಮೇಲೆ ಇಂಥದ್ದಕ್ಕೆ ನನ್ನ ಅಪ್ಪಣೆ ಕೇಳಬೇಡ.

ನಿನ್ನ ಎರಡೂ ಕೈಗಳಿಗೆ ಒಳ್ಳೆಯದಾಗಲಿ.

ನಿನ್ನ ಅಪ್ಪಾಜಿ,
ಮಹಾಲಿಂಗಯ್ಯ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ಗಂಟು ಹೇಗಾಯಿತೆಂದು ವೈದ್ಯರು ಕೇಳಿದಾಗ "ಚಿಕ್ಕವಳಿದ್ದಾಗ ಕಲ್ಯಾಣಿ ಮೆಟ್ಟಿಲ ಮೇಲೆ ಬಿದ್ದೆ" ಎಂದೆಯಂತೆ. ನೀನು ಬಿದ್ದಿರಲಿಲ್ಲ. ನಿನಗೆ ಐದು ವರ್ಷ. ನಿನ್ನ ಅಮ್ಮ ಹುಲಿಯೂರುದುರ್ಗದ ತವರಿಗೆ ಹೋಗಿದ್ದಳು. ನೀನು ಮತ್ತೆ ಎಡಗೈಯಲ್ಲಿ ಬಳಪ ಹಿಡಿದೆ. ನಾನು ರೂಲುದೊಣ್ಣೆಯಿಂದ ಹೊಡೆದೆ. ಮಣಿಕಟ್ಟಿನ ಮೂಳೆ ಮುರಿಯಿತು. ಮೆಟ್ಟಿಲ ಕಥೆಯನ್ನು ಹೇಳಿಕೊಟ್ಟದ್ದು ನಿನ್ನಜ್ಜಿ. ನೀನೇ ನಂಬುವವರೆಗೆ ದಿನಾ ಹೇಳಿಸಿದ್ದು ನಾನು. ನಿನ್ನ ಅಮ್ಮನಿಗೆ ಇಂದು ಬೆಳಿಗ್ಗೆ ಹೇಳಿದೆ. ವೈದ್ಯರ ಫಾರಂನಲ್ಲಿ ಆ ಸಾಲನ್ನು ಹೊಡೆದುಹಾಕಿ, ಸರಿಯಾದದ್ದನ್ನು ಬರೆ. ಎಡಗೈಯಲ್ಲೇ ಬರೆ.