ನಿಮ್ಮ ಮಗಳನ್ನು ನಾನೇ ಕಳಿಸುತ್ತಿದ್ದೇನೆ

ನಾನು ಕಣ್ಣಾರೆ ಕಾಣದ ನನ್ನ ಅತ್ತೆಯವರಿಗೆ,

ನಿಮ್ಮ ಸೊಸೆ ಶೈಲಾಳ ನಮಸ್ಕಾರ. ಮದುವೆಯಾಗಿ ಚಿಕ್ಕಬಾಣಾವರದ ಈ ಮನೆಗೆ ಕಾಲಿಟ್ಟ ದಿನ ನನ್ನನ್ನು ಮೊದಲು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ನಿಮ್ಮ ಫೋಟೋ ಮುಂದೆ. ಬಗ್ಗಿದೆ ನೋಡಿ, ತಲೆಯ ಮೇಲೆ ಹೇರಿದ್ದ ಹೂವೆಲ್ಲ ಜಾರಿ ಮೂಗಿನ ಮೇಲೆ ಬಂತು. ನನಗೆ ನಗು. ತಡೆಯೋಣವೆಂದರೆ ಇನ್ನೂ ನಗು. ತೀರಿಕೊಂಡ ಅತ್ತೆಯ ಎದುರು ಹೊಸ ಸೊಸೆ ಹಲ್ಲು ಕಿಸಿಯುತ್ತಿದ್ದಾಳೆ ಎಂದು ಹಿಂದೆ ಯಾರೋ ಗೊಣಗಿದರು. ಆಗ ಪಕ್ಕದಲ್ಲಿ ಇನ್ನೊಬ್ಬಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಿಮ್ಮ ಮಗಳು ಮಂಜುಳಾ. ಅವಳ ವಿಷಯ ಮಾತಾಡಬೇಕೆಂದೇ ಈ ಪತ್ರ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಮನ್ನಿಸಿ ಓದಿ.

ಮದುವೆಯ ಹೊಸದರಲ್ಲಿ, ನಿಮ್ಮ ಮಗ ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ನಾನು ಗೇಟಿನಲ್ಲೇ ನಿಂತಿರುತ್ತಿದ್ದೆ. ಬೀದಿಯ ಆ ತುದಿಯಲ್ಲಿ ಸ್ಕೂಟರ್ ಸದ್ದು ಕೇಳಿದರೆ ಸಾಕು, ಅವರದೇ ಎಂದು ಗೊತ್ತಾಗಿಬಿಡುತ್ತಿತ್ತು. ಅವರ ಅಂಗಿಗೆ ಹತ್ತಿದ ಮೆಷಿನ್ ಆಯಿಲ್ ವಾಸನೆ ಕೂಡ ನನಗೆ ಎಷ್ಟು ಇಷ್ಟ ಅಂದರೆ... ಇದನ್ನೆಲ್ಲ ಅತ್ತೆಗೆ ಬರೆಯುವುದುಂಟೇ? ನೀವು ಒಳಗೆ ಓಡಾಡಿಕೊಂಡಿದ್ದಿದ್ದರೆ ಖಂಡಿತ ಬಾಯಿ ಬಿಡುತ್ತಿರಲಿಲ್ಲ. ನಾನು ಹೀಗೆ ಗೇಟಿನಲ್ಲಿ ತೇಲಾಡುತ್ತಿದ್ದಾಗ ಒಳಗೆ ಒಲೆಯ ಮುಂದೆ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದವಳು ಏಳನೇ ಕ್ಲಾಸಿನ ಮಂಜು. ನೀವು ಹೋದಂದಿನಿಂದ ಅಡುಗೆಯೆಲ್ಲ ಅವಳದೇ ಅಂತೆ. ನಾನು ಕೋಲು ಕೇಳಿದರೆ, ನಿಮ್ಮ ಕೈಲಿ ಗಂಟಾಗ್ತದೆ ಅತ್ಗೆ, ಎಂದು ಕೊಡುತ್ತಲೇ ಇರಲಿಲ್ಲ. ಕಸಿದುಕೊಂಡು ಮಾಡಿದೆ. ನಿಜಕ್ಕೂ ಗಂಟಾಯಿತು.

ಒಂದು ಭಾನುವಾರ ವಾರಪತ್ರಿಕೆಯ ಒಗಟೊಂದನ್ನು ನಿಮ್ಮ ಮಗನಿಗೆ ಓದಿ ಹೇಳುತ್ತಿದ್ದೆ, ಸ್ವಲ್ಪ ಜಂಬದಿಂದಲೇ. ಮೂರು ಗಂಟೆಗಳಿವೆ. ಒಂದು ಆರು ನಿಮಿಷಕ್ಕೊಮ್ಮೆ, ಇನ್ನೊಂದು ಎಂಟು ನಿಮಿಷಕ್ಕೊಮ್ಮೆ, ಮತ್ತೊಂದು ಹತ್ತು ನಿಮಿಷಕ್ಕೊಮ್ಮೆ ಹೊಡೆಯುತ್ತದೆ. ಈಗ ಮೂರೂ ಒಟ್ಟಿಗೆ ಹೊಡೆದರೆ ಮತ್ತೆ ಒಟ್ಟಿಗೆ ಹೊಡೆಯಲು ಎಷ್ಟು ಹೊತ್ತು ಬೇಕು? ಹುರುಳಿಕಾಯಿ ಮುರಿಯುತ್ತಿದ್ದ ಮಂಜು ತಲೆ ಎತ್ತದೆ, “ಎರಡು ಗಂಟೆ” ಅಂದಳು.

“ಇದ್ದಿದ್ದೇ ಮೂರು ಗಂಟೆ ಕಣೇ. ಒಂದನ್ನ ನೀನು ಮಾರ್ಕೊಂಡ್ಯಾ?” ಎಂದು ನಿಮ್ಮ ಮಗ ರೇಗಿಸಿದರು. ನಾನು ಹಿಂದಿನ ಪುಟ ತಿರುಗಿಸಿ ಉತ್ತರ ನೋಡಿದೆ. ನೂರಿಪ್ಪತ್ತು ನಿಮಿಷ. ಹುಡುಗಿ ಹೇಳಿದ್ದು ಗಡಿಯಾರದ ಗಂಟೆ. ಪೆನ್ನಿಲ್ಲ, ಕಾಗದವಿಲ್ಲ. ನಾನು ಬಿ.ಎಸ್‌ಸಿ. ಮಾಡಿದವಳು, ಅತ್ತೆ, ನನಗೆ ಅಷ್ಟು ಬೇಗ ಹೊಳೆದಿರಲಿಲ್ಲ.

ಆ ವಾರವೇ ಅವಳ ಶಾಲೆಗೆ ಹೋಗಿ ಲೆಕ್ಕದ ಮೇಷ್ಟ್ರನ್ನು ಕಂಡೆ. ಗಣಿತ, ವಿಜ್ಞಾನಕ್ಕೆಂದೇ ಸರ್ಕಾರ ತೆರೆದ ಒಂದು ಹೈಸ್ಕೂಲಿದೆ, ಅಲ್ಲೇ ಹಾಸ್ಟೆಲ್ಲು, ಅಲ್ಲೇ ಊಟ, ಪ್ರವೇಶ ಪರೀಕ್ಷೆಯಲ್ಲಿ ಆಯ್ಕೆಯಾದ ಕೆಲವರಿಗಷ್ಟೇ ಸೀಟು ಎಂದು ಅವರು ಹೇಳಿದರು. ಮಂಜುವಿನಿಂದ ಅರ್ಜಿ ಹಾಕಿಸಬೇಕು ಎಂದು ಅವರಿಗೆ ಎಂದೋ ಅನ್ನಿಸಿತ್ತಂತೆ. “ಮನೇಲಿ ಹೆಣ್ಣು ದಿಕ್ಕಿಲ್ಲ ಮೇಡಂ, ಈ ಮಗು ಹೋದ್ರೆ ಬೇಯಿಸಿ ಹಾಕೋರ್ಯಾರು ಅಂತ ಸುಮ್ನಾದೆ” ಎಂದರು. ಮೊಣಕೈವರೆಗೆ ಹಸಿರು ಬಳೆ ತೊಟ್ಟುಕೊಂಡು ನಾನು ಅವರ ಎದುರೇ ನಿಂತಿದ್ದೆ. ಈಗ ಹೆಣ್ಣು ದಿಕ್ಕಿದೆ ಸಾರ್, ಅರ್ಜಿ ಕೊಡಿ, ಎಂದೆ.

ಪಾಠ ಶುರು ಮಾಡಿದ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ನನಗೆ ಗೊತ್ತಿದ್ದದ್ದು ಫ್ಯಾಕ್ಟರ್, ಮಲ್ಟಿಪಲ್. ಅವಳ ಪುಸ್ತಕದಲ್ಲಿ ಅಪವರ್ತನ, ಅಪವರ್ತ್ಯ. ಎರಡನ್ನೂ ತಿರುವು ಮುರುವು ಮಾಡಿಕೊಂಡು ಅವಳ ಸರಿ ಉತ್ತರಗಳಿಗೆಲ್ಲ ಕೆಂಪು ಗೀಟು ಎಳೆದಿದ್ದೆ. ಅವಳು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಮೆಲ್ಲಗೆ, ಬೇಜಾರು ಮಾಡ್ಕೋಬೇಡಿ ಅತ್ಗೆ, ಅಪವರ್ತನ ಅಂದ್ರೆ ಒಡೆದ್ರೆ ಸಿಗೋದು, ಅಪವರ್ತ್ಯ ಅಂದ್ರೆ ಮಗ್ಗೀಲಿ ಮುಂದೆ ಬರೋದು, ಎಂದಳು. ಅಂದಿನಿಂದ ಪದ ಅವಳು ಹೇಳಿಕೊಡುವುದು, ಲೆಕ್ಕ ನಾನು ಹೇಳಿಕೊಡುವುದು ಎಂದಾಯಿತು. ಮುದ್ದೆ ಕೋಲು ಪೂರ್ತಿ ನನ್ನ ಕೈಗೆ ಬಂತು. ಮಾವ ಗಂಟು ಮುದ್ದೆಯನ್ನು ತುಟಿ ಎರಡು ಮಾಡದೆ ಉಂಡರು. ಎಂಥ ಒಳ್ಳೆಯವರು ಅವರು. ಆದರೆ ಅರ್ಜಿಗೆ ಸಹಿ ಹಾಕಿ ಎಂದರೆ ಮಾತ್ರ, ನೋಡೋಣ ಎಂದು ಎದ್ದುಹೋಗುತ್ತಿದ್ದರು. “ಅಪ್ಪ ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ” ಎಂದರು ನಿಮ್ಮ ಮಗ.

ಏಕೆಂದು ತಿಳಿದದ್ದು ಮಾವನ ಅಕ್ಕ ಪುಟ್ಟತಾಯಮ್ಮನವರು ಜಗಲಿಯ ಮೇಲೆ ಕೂತು ಮಾತಾಡಿದ ದಿನ. ಹೇಳಿದ್ದು ತಮ್ಮನಿಗೆ, ಕೇಳಬೇಕಾಗಿದ್ದದ್ದು ನನಗೆ.

“ಅರಿಶಿನ ಇನ್ನೂ ಆರಿಲ್ಲ, ಆಗ್ಲೇ ನಾದಿನೀನ ಆಸ್ಟೆಲ್ಲಿಗೆ ತಳ್ಳಾಕೆ ನಿಂತವ್ಳೆ. ತಾಯಿಲ್ಲದ್ ಮಗ ಕಣೋ ಅದು. ನಾಳೆ ಬೀದಿ ಜನ ನಿನ್ ಮಕಕ್ಕೆ ಉಗೀತಾರೆ.”

ಬೀದಿ ಜನ ಆಗಲೇ ಶುರು ಮಾಡಿದ್ದರು. ನಾನು ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ನನಗೆ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯ. ಹೀಗೂ ಅರ್ಥವಾಗಬಹುದು ಎಂದು ನನಗೆ ತೋಚಿಯೇ ಇರಲಿಲ್ಲ. ನಾನು ಅವಳನ್ನು ತಳ್ಳುತ್ತಿದ್ದೇನೆ ಎಂದು ನಿಮಗೂ ಅನ್ನಿಸಿತೇ, ಅತ್ತೆ?

ಅದಾದ ಮೇಲೊಂದು ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದೆವು. ಒದ್ದೆ ಸೀರೆಯ ಇನ್ನೊಂದು ತುದಿ ಹಿಡಿದಿದ್ದ ಮಂಜು ಕೇಳಿದಳು. “ಅತ್ಗೆ, ನಾನ್ ಓದ್ರೆ ನಿಮ್ಗೆ ಸಂತೋಸಾನಾ?” ಇದನ್ನೂ ಕೇಳಬೇಕೇ? ತುಂಬಾ ಸಂತೋಷ ಕಣೇ, ಅದಕ್ಕೇ ತಾನೇ ನಾನು ಇಷ್ಟೆಲ್ಲ ಒದ್ದಾಡುತ್ತಿರುವುದು, ಎಂದುಬಿಟ್ಟೆ. ಅವಳು ತಲೆ ಆಡಿಸಿದಳು. ಆ ಸಂಜೆ ಪುಸ್ತಕ ತೆಗೆಯಲಿಲ್ಲ. ಮಾರನೆಯ ದಿನವೂ ಇಲ್ಲ. ನನ್ನ ಕೈಯಿಂದ ಕೋಲು ಕಿತ್ತುಕೊಂಡು ಮತ್ತೆ ಒಲೆಯ ಮುಂದೆ ನಿಂತಳು. ತಲೆನೋವೇ ಎಂದರೆ ಇಲ್ಲ, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರೇ ಎಂದರೆ ಇಲ್ಲ. ನಾಲ್ಕನೆಯ ದಿನ ಕೈ ಹಿಡಿದು ಕೂರಿಸಿಕೊಂಡೆ.

“ನೀವೇ ಅಂದ್ರಲ್ಲ ಅತ್ಗೆ. ನಾನ್ ಓದ್ರೆ ತುಂಬಾ ಸಂತೋಸ ಅಂತ.”

“ಅಂದೆ. ನೀನು ಓದಿದ್ರೆ ಸಂತೋಷ ಆಗ್ದೆ ಇನ್ನೇನು?”

ಅವಳು ನನ್ನನ್ನೇ ನೋಡಿದಳು. “ಓದೋದಲ್ಲ. ಓಗೋದು. ಈ ಮನೆ ಬಿಟ್ಟು ಓಗೋದು.”

ನಿಮ್ಮ ಮನೆಯ ಮಾತಿನಲ್ಲಿ ಹಕಾರ ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? ದಿನಾ ಕೇಳುವುದಿಲ್ಲವೇ? ಆದರೂ ನನ್ನ ಕಿವಿ ಹೋದರೆ ಎಂಬುದನ್ನು ಓದಿದರೆ ಎಂದು ಕೇಳಿಸಿಕೊಂಡಿತ್ತು. ಆ ಮಗು ಕೇಳಿದ್ದು, ನಾನು ಹೋದರೆ ನಿಮಗೆ ಸಂತೋಷವೇ ಎಂದು. ನಾನು ಹಲ್ಲು ಬಿಟ್ಟುಕೊಂಡು, ತುಂಬಾ ಸಂತೋಷ, ಅದಕ್ಕೇ ಒದ್ದಾಡುತ್ತಿದ್ದೇನೆ ಎಂದಿದ್ದೆ. ಆ ನಾಲ್ಕು ದಿನ ಅವಳು ಅದನ್ನು ಒಳಗಿಟ್ಟುಕೊಂಡು ನನಗೆ ಕಾಫಿ ಮಾಡಿಕೊಟ್ಟಿದ್ದಳು. ನಾನು ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ನೀನು ಹೋದರೆ ನನಗೆ ಒಂದಿಷ್ಟೂ ಸಂತೋಷವಿಲ್ಲ, ಈ ಮನೆಯಲ್ಲಿ ನನ್ನ ಜೊತೆ ನಗುವವಳು ನೀನೊಬ್ಬಳೇ, ಆದರೂ ನೀನು ಹೋಗಬೇಕು, ಎಂದೆ. ಎರಡೂ ನಿಜವಾಗಿರಲು ಸಾಧ್ಯ ಎಂದು ಹನ್ನೆರಡು ವರ್ಷದವಳಿಗೆ ಹೇಗೆ ಹೇಳುವುದು? ಅವಳು ಮೂಗು ಒರೆಸಿಕೊಂಡು ಪುಸ್ತಕ ತಂದಳು. ನಾನು ಮಾತಿನಲ್ಲಿ ಹೇಳಲಾಗದ್ದು ಅವಳಿಗೆ ಅರ್ಥವಾಗಿರಬೇಕು.

ಆಮೇಲೆ ಉಳಿದದ್ದು ಮಾವನ ಸಹಿ. ಅವರು ಮನೆಯಲ್ಲಿದ್ದ ಒಂದು ಭಾನುವಾರ, ಪುಟ್ಟತಾಯಮ್ಮನವರೂ ಕೂತಿರುವಾಗಲೇ, ಅರ್ಜಿ ಪೆನ್ನು ತೆಗೆದುಕೊಂಡು ಹೋಗಿ ಅವರ ಎದುರು ನಿಂತೆ.

“ಮಾವ, ಯಾರಾದ್ರೂ ಕೇಳಿದ್ರೆ ಸೊಸೆ ಕಳಿಸಿದ್ಲು ಅಂತಲೇ ಹೇಳಿ. ನಾನು ಬೇಡ ಅಂದೆ, ಅವಳು ಕೇಳಲಿಲ್ಲ ಅನ್ನಿ. ಆ ಹೆಸರು ನನಗಿರಲಿ.”

“ನೋಡ್ದಾ, ಅವಳ ಬಾಯಲ್ಲೇ ಬಂತು” ಎಂದರು ಪುಟ್ಟತಾಯಮ್ಮ.

ಮಾವ ಅಕ್ಕನ ಕಡೆ ನೋಡಲಿಲ್ಲ. “ಅಂತಾ ಎಸ್ರು ಒಂದ್ಸಲ ಅಂಟ್ಕಂಡ್ರೆ ಬಿಡಾಕಿಲ್ಲ ಕಣಮ್ಮ. ನಾದಿನೀನ ಓಡಿಸ್ದೋಳು ಅಂತ ಸಾಯೋಗಂಟ ಅಂತಾರೆ.”

“ಅನ್ನಲಿ ಮಾವ.”

ಅವರು ಮಂಜುವನ್ನು ಕರೆದು, ನಿಂಗೆ ಇಷ್ಟಾನಾ ಎಂದು ಒಂದೇ ಮಾತು ಕೇಳಿದರು. ಅವಳು ಹೂಂ ಅಂದಳು. ಸಹಿ ಬಿತ್ತು.

ಪರೀಕ್ಷೆಯ ದಿನ ಅವಳಿಗಿಂತ ನಾನೇ ಹೆಚ್ಚು ಬೆವರಿದೆ. ಹೊರಗೆ ಬಂದವಳು, ಒಂದು ಲೆಕ್ಕ ಬಿಟ್ಟೆ ಅತ್ಗೆ, ಟೈಮ್ ಆಗೋಯ್ತು, ಎಂದಷ್ಟೇ ಹೇಳಿದಳು. ಆ ಒಂದು ಲೆಕ್ಕಕ್ಕಾಗಿ ತಿಂಗಳುಗಟ್ಟಲೆ ದೇವರಿಗೆ ಲಂಚ ಕೊಟ್ಟಿದ್ದೇನೆ. ಮೊನ್ನೆ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೇ ಬಂದರು. ನಿಮ್ಮ ಮಗಳಿಗೆ ಸೀಟು ಸಿಕ್ಕಿದೆ, ಅತ್ತೆ. ಮಾವ ಚಪ್ಪಲಿ ಮೆಟ್ಟಿಕೊಂಡು ಹೋಗಿ ಒಂದು ಟ್ರಂಕು ತಂದರು. ಪುಟ್ಟತಾಯಮ್ಮನವರು ಮಂಜುವಿನ ತಲೆಗೆ ಎಣ್ಣೆ ತಿಕ್ಕುತ್ತಾ, ಅಲ್ಲಿ ನಿಂಗೆ ಜಡೆ ಆಕೋರ್ಯಾರು ಎಂದು ಅತ್ತರು. ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನಿನ್ನೆ ಟ್ರಂಕಿಗೆ ಬಟ್ಟೆ ಜೋಡಿಸುವಾಗ ಮಂಜು, “ಅಮ್ಮ ಇದ್ದಿದ್ರೆ ಕಳಿಸೋಳಾ?” ಎಂದಳು. ಗೊತ್ತಿಲ್ಲ ಎಂದೆ. ಹೂಂ ಎಂದು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು, ಆದರೆ ನಿಮ್ಮ ಬಾಯಿಂದ ಬರದ ಮಾತನ್ನು ನಾನು ಹೇಗೆ ಆಡಲಿ? ನೀವು ಬೇಡವೆನ್ನುತ್ತಿದ್ದಿರೇನೋ. ಹಾಗಿದ್ದರೆ ನಿಮ್ಮ ಜೊತೆಗೂ ಜಗಳವಾಡುತ್ತಿದ್ದೆ. ಅದೇ ನಮ್ಮ ಮೊದಲನೆಯ ಅತ್ತೆ-ಸೊಸೆ ಜಗಳವಾಗುತ್ತಿತ್ತು, ಮತ್ತು ನಾನು ಸೋಲುತ್ತಿರಲಿಲ್ಲ.

ಸೋಮವಾರ ಬೆಳಗಿನ ರೈಲಿಗೆ ಅವಳನ್ನು ಕರೆದುಕೊಂಡು ಹೊರಡುತ್ತೇನೆ. ಬಿಟ್ಟು ಬರುವಾಗ ಸಂಜೆಯಾಗುತ್ತದೆ. ನಲ್ಲಿಯಲ್ಲಿ ನೀರು ಬರುವ ಹೊತ್ತು, ಬೀದಿಯವರೆಲ್ಲ ಅಲ್ಲೇ ಇರುತ್ತಾರೆ. ಸ್ಟೇಷನ್ನಿಗೆ ಸ್ಕೂಟರ್ ತರುತ್ತೇನೆ, ಹಿಂದಿನ ರಸ್ತೆಯಿಂದ ಮನೆಗೆ ಹೋಗಿಬಿಡೋಣ ಎಂದು ನಿಮ್ಮ ಮಗ ಹೇಳಿದರು. ಬೇಡ ಎಂದಿದ್ದೇನೆ. ಬೀದಿಯಲ್ಲೇ ನಡೆದು ಬರುತ್ತೇನೆ. ಯಾರಾದರೂ ಕೇಳಿದರೆ ನಿಂತು, ಹೌದು, ನಾನೇ ಬಿಟ್ಟು ಬಂದೆ, ಎಂದು ಹೇಳುತ್ತೇನೆ.

ನಿಮ್ಮ ಸೊಸೆ,
ಶೈಲಾ